ನೋಡಿಲ್ಲ ಎಂದು ಬರೆದ ಹದಿನಾಲ್ಕು ಸಾಲು

ಅಪ್ಪಯ್ಯನ ಮಳೆ ಪುಸ್ತಕದಲ್ಲಿ 2022ರ ಸೆಪ್ಟೆಂಬರ್ 5ರಿಂದ 18ರವರೆಗಿನ ಹದಿನಾಲ್ಕು ಸಾಲುಗಳಲ್ಲಿ ಅಂಕಿ ಇಲ್ಲ. ಅಂಕಿ ಇರಬೇಕಾದ ಜಾಗದಲ್ಲಿ ‘ನೋಡಿಲ್ಲ’ ಎಂದು ಹದಿನಾಲ್ಕು ಸಲ ಬರೆದಿದೆ, ಅಕ್ಷರ ನನ್ನದು. ಆ ಸಾಲುಗಳನ್ನು ತುಂಬುವುದು ಕಷ್ಟವೇನಲ್ಲ ಎಂದು ಹವಾಮಾನದ ಲೆಕ್ಕಾಚಾರ ಬಲ್ಲ ಗೆಳೆಯನೊಬ್ಬ ಕಳೆದ ವರ್ಷ ಹೇಳಿದ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲೇ ಮಳೆಮಾಪಕಗಳನ್ನು ನಿಲ್ಲಿಸಿದ್ದಾರೆ; ಅವು ಹದಿನೈದು ನಿಮಿಷಕ್ಕೊಮ್ಮೆ ತಾವಾಗಿಯೇ ಲೆಕ್ಕ ಕಳಿಸುತ್ತವೆ. ಅವನು ಹೇಳಿದ ದಾರಿಯಲ್ಲೇ ಕೇಳಿದಾಗ ನಮ್ಮ ಪಂಚಾಯಿತಿಯ ಹದಿನಾಲ್ಕೂ ದಿನಗಳ ಅಂಕಿಗಳು ನನಗೆ ಸಿಕ್ಕಿದವು. ಒಂದು ಚೀಟಿಯಲ್ಲಿ ಅವನ್ನು ಬರೆದುಕೊಂಡು ಪುಸ್ತಕದ ಅದೇ ಪುಟದಲ್ಲಿ ಇಟ್ಟಿದ್ದೇನೆ. ಚೀಟಿ ಅಲ್ಲಿಯೇ ಇದೆ, ಸಾಲುಗಳು ಹಾಗೆಯೇ ಇವೆ. ಪೆನ್ನು ಹಿಡಿದು ಎರಡು ಸಲ ಕುಳಿತೆ, ಎರಡು ಸಲವೂ ಎದ್ದೆ. ಇದು ಬರಿಯ ಮೊಂಡುತನವೋ ಅಥವಾ ಅದರಲ್ಲಿ ಬೇರೇನಾದರೂ ಇದೆಯೋ ಎಂಬುದನ್ನು ನನಗೆ ನಾನೇ ತಿಳಿಹೇಳಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಸಾಗರ ತಾಲ್ಲೂಕಿನ ಒಂದು ಅಡಿಕೆ ತೋಟದ ಮನೆ. ಅಂಗಳದಾಚೆ, ಮರದ ನೆರಳು ಬೀಳದ ಕಡೆ, ಅಪ್ಪಯ್ಯ 1984ರಲ್ಲಿ ಒಂದು ಮಳೆಮಾಪಕ ನಿಲ್ಲಿಸಿದರು. ಮೇಲೊಂದು ಆಲಿಕೆ, ಒಳಗೊಂದು ನಾಲ್ಕು ಲೀಟರಿನ ಕ್ಯಾನು, ಅಳೆಯಲಿಕ್ಕೆ ಗೆರೆ ಕೊರೆದ ಗಾಜಿನ ಅಳತೆಪಾತ್ರೆ, ಇಷ್ಟೇ. ಆಲಿಕೆಯ ಬಾಯಿ 200 ಚದರ ಸೆಂಟಿಮೀಟರ್, ಆದ್ದರಿಂದ ಒಂದು ಮಿಲಿಮೀಟರ್ ಮಳೆಗೆ ಕ್ಯಾನಿನಲ್ಲಿ 20 ಮಿಲಿಲೀಟರ್ ನೀರು ನಿಲ್ಲುತ್ತದೆ. ಬೆಳಿಗ್ಗೆ ಎಂಟೂವರೆಗೆ ಅದನ್ನು ನೋಡಬೇಕು. ಎಂಟೂವರೆಯೇ ಏಕೆ ಎಂದು ಚಿಕ್ಕಂದಿನಲ್ಲಿ ಕೇಳಿದಾಗ, ಅದು ಗ್ರೀನಿಚ್‌ನ ಗಡಿಯಾರದಲ್ಲಿ ಬೆಳಗಿನ ಜಾವ ಮೂರು ಗಂಟೆಯೆಂದೂ, ದೇಶದ ಮಳೆಯನ್ನೆಲ್ಲ ಅದೇ ಹೊತ್ತಿಗೆ ಅಳೆಯುತ್ತಾರೆಂದೂ ಅವರು ಹೇಳಿದ್ದರು. ದೇಶದ ಮಳೆಯೊಂದಿಗೆ ನಮ್ಮ ಅಂಗಳದ ಮಳೆಯೂ ಲೆಕ್ಕಕ್ಕೆ ಸೇರುತ್ತಿದೆ ಎಂಬ ಹೆಮ್ಮೆ ಆ ವಿವರಣೆಯಲ್ಲಿ ಇತ್ತು. ನಿಜವಾಗಿ ನಮ್ಮ ಪುಸ್ತಕವನ್ನು ಯಾರೂ ಕೇಳಿರಲಿಲ್ಲ.

ತೋಟಿಗರಿಗೆ ಮಳೆಯ ಲೆಕ್ಕ ಶೋಕಿಯಲ್ಲ. ಮಳೆಗಾಲಕ್ಕೆ ಮುಂಚೆ ಅಡಿಕೆಯ ಗೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಸಬೇಕು, ನಲವತ್ತು ನಲವತ್ತೈದು ದಿನಗಳಿಗೆ ಎರಡನೆಯ ಸಲ; ಮಳೆ ಬಿಡದೆ ಹಿಡಿದರೆ ಮೂರನೆಯದೂ ಬೇಕು. ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು 100 ಲೀಟರ್. ಕೆನಡಾದಿಂದ ಬಂದು ಮೈಸೂರು ಸಂಸ್ಥಾನದ ಕೃಷಿ ಇಲಾಖೆ ಸೇರಿದ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಕೊಳೆ ರೋಗಕ್ಕೆ ಈ ಮದ್ದನ್ನು ತೋರಿಸಿಕೊಟ್ಟ ಮೇಲೆ ಮಲೆನಾಡಿನ ತೋಟಗಳು ಅದನ್ನು ಬಿಟ್ಟಿಲ್ಲ. ಎಷ್ಟು ಮಳೆ ಬಿತ್ತು, ಬಿಸಿಲು ಎಷ್ಟು ದಿನ ಬಿತ್ತು ಎಂಬುದರ ಮೇಲೆ ಆ ವರ್ಷದ ಊಟ ನಿಂತಿರುತ್ತದೆ. ಆದರೂ ಮೂವತ್ತೆಂಟು ವರ್ಷ ಹೆಚ್ಚುಕಡಿಮೆ ಒಂದು ದಿನವೂ ಬಿಡದೆ, ಬೇಸಿಗೆಯ ಒಣ ತಿಂಗಳುಗಳಲ್ಲಿಯೂ ಎದ್ದು ಹೋಗಿ ನೋಡುವುದಕ್ಕೆ ತೋಟವೊಂದೇ ಕಾರಣವಾಗಿರಲಾರದು.

ಸೊನ್ನೆ

ಅವರು ಹೆಚ್ಚು ಉಪದೇಶ ಮಾಡುವವರಲ್ಲ. ಪುಸ್ತಕದ ವಿಷಯದಲ್ಲಿ ಮಾತ್ರ ಒಂದು ನಿಯಮ ಇತ್ತು. ಮಳೆ ಬಾರದ ದಿನ ಸೊನ್ನೆ ಬರೆಯಬೇಕು. ಸಾಲನ್ನು ಖಾಲಿ ಬಿಡಕೂಡದು. "ಮಳೆ ಬೈಂದಿಲ್ಲೆ ಅಂದ್ರೂ ಸೊನ್ನೆ ಬರಿ, ತಮಾ" ಎನ್ನುತ್ತಿದ್ದರು. ಸೊನ್ನೆ ಎಂದರೆ ಒಬ್ಬರು ಹೋಗಿ ನೋಡಿದ್ದಾರೆ, ಅಲ್ಲಿ ಏನೂ ಇರಲಿಲ್ಲ ಎಂದು ಅರ್ಥ. ಖಾಲಿ ಎಂದರೆ ಯಾರೂ ನೋಡಿಲ್ಲ ಎಂದು ಅರ್ಥ. ಫೆಬ್ರುವರಿ, ಮಾರ್ಚ್ ತಿಂಗಳ ಪುಟಗಳು ಮೇಲಿನಿಂದ ಕೆಳಗಿನವರೆಗೆ ಸೊನ್ನೆಗಳೇ. ಆ ಸೊನ್ನೆಗಳನ್ನು ಅವರು ದುಂಡಗೆ, ಅವಸರವಿಲ್ಲದೆ, ಒಂದರ ಕೆಳಗೊಂದು ನೆಟ್ಟಗೆ ಬರೆದಿದ್ದಾರೆ.

1991ರ ಜುಲೈಯಲ್ಲಿ ನಾನು ಐದನೆಯ ತರಗತಿಯಲ್ಲಿದ್ದೆ. ಯಾವುದೋ ಕೆಲಸಕ್ಕೆ ಶಿವಮೊಗ್ಗಕ್ಕೆ ಹೋದ ಅಪ್ಪಯ್ಯ ಆ ರಾತ್ರಿ ಅಲ್ಲಿಯೇ ಉಳಿದರು. ಮರುದಿನ ಬೆಳಿಗ್ಗೆ ಮಾಪಕ ನೋಡುವ ಹೊಣೆ ನನ್ನದು. ಎದ್ದದ್ದೇ ತಡವಾಯಿತು, ಹೊರಗೆ ಜಡಿಮಳೆ, ಕಂಬಳಿ ಕೊಪ್ಪೆ ಹಾಕಿಕೊಂಡು ಅಂಗಳ ದಾಟಲು ಮನಸ್ಸು ಬರಲಿಲ್ಲ. ಹಿಂದಿನ ದಿನಗಳ ಅಂಕಿಗಳನ್ನು ನೋಡಿ, ಅವಕ್ಕೆ ಹೊಂದುವ ಹಾಗೆ 46 ಎಂದು ಬರೆದು ಶಾಲೆಗೆ ಹೋದೆ. ಸಂಜೆ ಅಪ್ಪಯ್ಯ ಪುಸ್ತಕ ತೆಗೆದರು, ಅಂಕಿಯನ್ನು ನೋಡಿದರು, ನನ್ನನ್ನು ನೋಡಿದರು. ಕ್ಯಾನಿನಲ್ಲಿ ಎರಡು ದಿನದ ನೀರು ಸೇರಿಕೊಂಡಿತ್ತು ಎಂಬುದು ಅವರಿಗೆ ಆಗಲೇ ತಿಳಿದಿತ್ತು. ನಾನು ಅದನ್ನು ಚೆಲ್ಲುವ ಸುಳ್ಳನ್ನೂ ಪೂರ್ತಿ ಮಾಡಿರಲಿಲ್ಲ. ಬಯ್ಯಲಿಲ್ಲ. 46ರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ‘ನೋಡಿಲ್ಲ’ ಎಂದು ಬರೆದರು. "ನೋಡದೆ ಇದ್ದದ್ದು ತಪ್ಪಲ್ಲ, ಹಾಂಗೇ ಬರೆದರೆ ಆತು" ಎಂದಷ್ಟೇ ಹೇಳಿ ಕವಳ ಹಾಕಲು ಜಗಲಿಗೆ ಹೋದರು. ಮೂವತ್ತೆಂಟು ವರ್ಷದ ಪುಸ್ತಕಗಳಲ್ಲಿ ಆ ಮಾತು ಬಂದಿರುವುದು ಅದೊಂದೇ ಕಡೆ. ಅದನ್ನು ನಾನು ಈಗ ಎಲ್ಲ ಪುಟಗಳನ್ನೂ ತಿರುವಿ ನೋಡಿ ಖಚಿತಪಡಿಸಿಕೊಂಡಿದ್ದೇನೆ.

ಹೇಳಲಾಗದೆ ಉಳಿದ ಅಂಕಿ

ಬೆಂಗಳೂರಿಗೆ ಬಂದ ಮೇಲೆ ಭಾನುವಾರದ ಫೋನಿನಲ್ಲಿ ಅಪ್ಪಯ್ಯ ತಪ್ಪದೆ ಒಂದು ಪ್ರಶ್ನೆ ಕೇಳುತ್ತಿದ್ದರು: "ನಿಂಗಳಲ್ಲಿ ಎಷ್ಟು ಬಂತು ಮಳೆ?" ನನಗೆ ಗೊತ್ತಿರುತ್ತಿರಲಿಲ್ಲ. ಜೋರು ಬಂತು, ಸುಮಾರಾಗಿ ಬಂತು ಎಂದೇನೋ ಹೇಳುತ್ತಿದ್ದೆ. ಅವರು ತಮ್ಮ ಅಂಕಿ ಹೇಳುತ್ತಿದ್ದರು, ದಶಮಾಂಶದ ಸಮೇತ. ಅದರಾಚೆ ನಮ್ಮ ನಡುವೆ ಹೆಚ್ಚು ಮಾತು ನಡೆಯುತ್ತಿರಲಿಲ್ಲ, ಫೋನು ಅಮ್ಮನ ಕೈಗೆ ಹೋಗುತ್ತಿತ್ತು. ಎಷ್ಟೋ ವರ್ಷ ನಾನು ಇದನ್ನು ಅಪ್ಪ ಮಗನ ನಡುವಿನ ಬಿಗುಮಾನ ಎಂದೇ ತಿಳಿದಿದ್ದೆ.

2022ರ ಸೆಪ್ಟೆಂಬರ್ 4ರ ರಾತ್ರಿ ಬೆಂಗಳೂರಿನಲ್ಲಿ ಸುರಿದ ಮಳೆ ಹಲವರಿಗೆ ನೆನಪಿರುತ್ತದೆ. ಹೊರವರ್ತುಲ ರಸ್ತೆ, ಬೆಳ್ಳಂದೂರು, ಸರ್ಜಾಪುರ ರಸ್ತೆಯ ಬಡಾವಣೆಗಳು ಮುಳುಗಿ, ಜನ ಟ್ರ್ಯಾಕ್ಟರಿನಲ್ಲಿ ಕುಳಿತು ಕಚೇರಿಗೆ ಹೋದ ದಿನಗಳವು. ಸೋಮವಾರ ಬೆಳಿಗ್ಗೆ ಆರು ಗಂಟೆಗೆ ನೆರೆಮನೆಯ ಚಿಕ್ಕಪ್ಪನ ಫೋನು ಬಂತು. ಅಪ್ಪಯ್ಯ ಬೆಳಗಿನ ಜಾವ ಎದೆನೋವು ಎಂದು ಎದ್ದು ಕುಳಿತವರು, ಕಾರು ಅಂಗಳಕ್ಕೆ ಬರುವಷ್ಟರಲ್ಲಿ ಹೋಗಿಬಿಟ್ಟಿದ್ದರು. ನಮ್ಮ ಬೀದಿಯಲ್ಲಿ ಮೊಣಕಾಲು ಮಟ್ಟದ ನೀರು. ಕಾರನ್ನು ಹೊರತೆಗೆದು, ನೀರಿಲ್ಲದ ರಸ್ತೆ ಹುಡುಕಿ, ತುಮಕೂರು ದಾರಿ ಹಿಡಿಯುವುದಕ್ಕೆ ಎರಡೂವರೆ ಗಂಟೆ ಬೇಕಾಯಿತು. ಹೆಂಡತಿ ಪಕ್ಕದಲ್ಲಿ ಕುಳಿತು ರಸ್ತೆಯ ಸುದ್ದಿ ಹುಡುಕುತ್ತಿದ್ದಳು. ಮಧ್ಯಾಹ್ನ ಅರಸೀಕೆರೆಯ ಹತ್ತಿರ ಎಲ್ಲಿಯೋ ಅವಳು ಓದಿದಳು: ಬೆಂಗಳೂರಿನಲ್ಲಿ ಬೆಳಿಗ್ಗೆ ಎಂಟೂವರೆಗೆ ಮುಗಿದ 24 ಗಂಟೆಗಳಲ್ಲಿ 131.6 ಮಿಲಿಮೀಟರ್ ಮಳೆ.

ಅಲ್ಲಿಯವರೆಗೆ ನಾನು ಅತ್ತಿರಲಿಲ್ಲ. ಇಷ್ಟು ವರ್ಷ ಅವರು ಕೇಳಿದ ಪ್ರಶ್ನೆಗೆ ಉತ್ತರ, ಅದೂ ದಶಮಾಂಶದ ಸಮೇತ, ಮೊದಲ ಬಾರಿಗೆ ನನ್ನ ಹತ್ತಿರ ಇತ್ತು. 131.6 ಎಂದು ಕೇಳಿದ್ದರೆ ಅವರು ಒಂದು ಕ್ಷಣ ಸುಮ್ಮನಿದ್ದು, ‘ಹೌದಾ’ ಎಂದು, ಖಂಡಿತ ನಮ್ಮ ಊರಿನ ಯಾವುದೋ ಜುಲೈಯ ಅಂಕಿಯನ್ನು ನೆನಪಿಸಿಕೊಂಡು ಹೋಲಿಸುತ್ತಿದ್ದರು. ಕಾರನ್ನು ಪಕ್ಕಕ್ಕೆ ನಿಲ್ಲಿಸಿದೆ. ಸತ್ತವರನ್ನು ನೆನೆದು ಅಳುವುದು ಎಂದರೆ ಅವರ ಮುಖವನ್ನೋ ಮಾತನ್ನೋ ನೆನೆದು ಅಳುವುದು ಎಂದುಕೊಂಡಿದ್ದ ನನಗೆ, ಒಂದು ಅಂಕಿಯನ್ನು ಹೇಳಲು ಕಿವಿಯಿಲ್ಲದೆ ಹೋದದ್ದಕ್ಕೆ ಅಷ್ಟು ಅಳು ಬಂದೀತೆಂದು ಗೊತ್ತಿರಲಿಲ್ಲ.

ಊರು ಮುಟ್ಟುವಾಗ ಸಂಜೆ ಐದು. ಬೆಟ್ಟದ ಅಂಚಿನಲ್ಲಿ ತಗಡಿನ ಮಾಡು ಎತ್ತಿ, ಅದರ ಅಡಿಯಲ್ಲಿ ಕಟ್ಟಿಗೆ ಒಟ್ಟಿ, ಊರವರು ಕಾಯುತ್ತಿದ್ದರು. ಹುಬ್ಬೆ ನಕ್ಷತ್ರದ ಮಳೆ ಹಿಡಿದಿತ್ತು. ಜಗಲಿಯಲ್ಲಿ ಕುಳಿತವರು ಎಲೆಚುಕ್ಕೆ ರೋಗದ ಬಗ್ಗೆ ಮಾತನಾಡುತ್ತಿದ್ದರು. ಆ ವರ್ಷ ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ನಮ್ಮವರೆಗೂ ಆ ರೋಗದ ದಿಗಿಲು ಹಬ್ಬಿತ್ತು. ಹೆಣದ ಮುಂದೆ ಕುಳಿತು ಇಂಥ ಮಾತು ಆಡುತ್ತಾರಲ್ಲ ಎಂದು ಆ ದಿನ ನನಗೆ ಸಿಟ್ಟು ಬಂದಿತ್ತು. ಈಗ ಅನ್ನಿಸುವುದು ಬೇರೆ. ಅಪ್ಪಯ್ಯ ಇದ್ದಿದ್ದರೆ ಆ ಜಗಲಿಯಲ್ಲಿ ಅದೇ ಮಾತು ಆಡುತ್ತಿದ್ದರು. ಅವರಿಲ್ಲದ ಜಗಲಿಯಲ್ಲಿ ಅವರ ಮಾತನ್ನು ಅವರ ಗೆಳೆಯರು ಮುಂದುವರಿಸುತ್ತಿದ್ದರು; ಅದಕ್ಕಿಂತ ಹೆಚ್ಚಿನ ಮರ್ಯಾದೆ ಅವರಿಗೆ ಬೇರೆ ಯಾವುದಿತ್ತೋ ನಾನು ಕಾಣೆ.

ಅವರು ನೋಡಿದ್ದರು

ಹದಿಮೂರು ದಿನಗಳ ಕರ್ಮ ಮುಗಿದು, ನೆಂಟರೆಲ್ಲ ಹೊರಟ ಮರುದಿನ ಬೆಳಿಗ್ಗೆ ಮಾಪಕದ ನೆನಪಾಯಿತು. ಓಡಿಹೋಗಿ ನೋಡಿದರೆ ಆಲಿಕೆ ಅದರ ಮೇಲೆ ಇರಲಿಲ್ಲ. ಬಂದಿದ್ದ ಮಕ್ಕಳು ಆಟಕ್ಕೆ ತೆಗೆದದ್ದು ದಾಸವಾಳದ ಬುಡದಲ್ಲಿ ಬಿದ್ದಿತ್ತು. ಕ್ಯಾನಿನಲ್ಲಿದ್ದ ನೀರಿಗೆ ಯಾವ ಅರ್ಥವೂ ಇರಲಿಲ್ಲ. ಅದನ್ನು ಚೆಲ್ಲಿ, ಆಲಿಕೆ ತೊಳೆದು ಕೂರಿಸಿ, ಒಳಗೆ ಬಂದು ಪುಸ್ತಕ ತೆರೆದೆ. ಸೆಪ್ಟೆಂಬರ್ 4ರ ಸಾಲು ಅಪ್ಪಯ್ಯನದು. ಅದರ ಕೆಳಗೆ ಹದಿನಾಲ್ಕು ಸಲ ನಾನು ಆ ಮಾತನ್ನು ಬರೆದೆ.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಪುಸ್ತಕದ ಕೊನೆಯ ಕಾಲಂ ಷರಾದ್ದು. ‘ಎರಡನೇ ಔಷಧ ಮುಗಿಯಿತು’, ‘ಗೌರಿ ಕರು ಹಾಕಿತು’, ‘ಹೊಳೆ ಸಂಕ ಮುಳುಗಿದೆ’ ಎಂಬಂಥ ಸಾಲುಗಳು. ಅಜ್ಜಿ ಹೋದದ್ದು 1998ರ ಜುಲೈಯಲ್ಲಿ, ಆರಿದ್ರೆ ಮಳೆಯ ಕಾಲ. ಆ ಪುಟ ಹುಡುಕಿದೆ. ಅಂಕಿ 62.4. ಷರಾದಲ್ಲಿ ‘ಆಯಿ ಹೋದಳು, ಬೆಳಗಿನ ಜಾವ’ ಎಂದಿದೆ. ಮರುದಿನದ ಅಂಕಿ ಇದೆ, ಅದರ ಮರುದಿನದ್ದು ಇದೆ, ಹದಿಮೂರು ದಿನದ್ದೂ ಇದೆ. ತಾಯಿಯನ್ನು ಕಳೆದುಕೊಂಡ ಬೆಳಿಗ್ಗೆಯೂ ಎಂಟೂವರೆಗೆ ಅವರು ಅಂಗಳ ದಾಟಿ ಹೋಗಿ, ಬಗ್ಗಿ, ಕ್ಯಾನು ಎತ್ತಿ, ಗಾಜಿನ ಗೆರೆಗೆ ಕಣ್ಣು ಸಮ ಹಿಡಿದು ನೋಡಿದ್ದರು. ನಾನು ನೋಡಿರಲಿಲ್ಲ.

ಆ ಹೋಲಿಕೆ ನನ್ನನ್ನು ತಿಂಗಳುಗಟ್ಟಲೆ ತಿಂದಿತು. ಅವರ ಪ್ರೀತಿಗಿಂತ ನನ್ನದು ಕಡಿಮೆಯಾಗಿತ್ತೆ ಎಂಬಲ್ಲಿಗೂ ಮನಸ್ಸು ಹೋಯಿತು. ಆದರೆ ಆ ಹದಿಮೂರು ಅಂಕಿಗಳನ್ನು ಮತ್ತೆ ಮತ್ತೆ ನೋಡುತ್ತ ಒಂದು ಸಂಗತಿ ಕಣ್ಣಿಗೆ ಬಿತ್ತು. ಬೇರೆ ದಿನಗಳ ದುಂಡು ಅಕ್ಷರ ಅಲ್ಲಿ ಇಲ್ಲ. 62.4ರಲ್ಲಿನ ‘4’ ಸಾಲಿನಿಂದ ಕೆಳಗಿಳಿದಿದೆ, ಮೂರನೆಯ ದಿನದ ಅಂಕಿಯನ್ನು ಎರಡು ಸಲ ತಿದ್ದಿದೆ, ಒಂದು ಕಡೆ ಶಾಯಿ ನೀರಿಗೆ ಕದಡಿದೆ. ಮಳೆಯ ಹನಿಯೋ ಏನೋ. ಅವರು ನೋಡಿದ್ದು ಕರ್ತವ್ಯ ಎಂದಲ್ಲ ಎಂದು ಈಗ ನನಗೆ ತೋರುತ್ತದೆ. ಮನೆ ತುಂಬ ನೆಂಟರು, ಅಳುವ ಹೆಂಗಸರು, ಭಟ್ಟರು, ಅಡುಗೆಯವರು ತುಂಬಿದ್ದ ಆ ದಿನಗಳಲ್ಲಿ ಒಬ್ಬರೇ ನಿಲ್ಲಬಹುದಾದ ಜಾಗ ಅವರಿಗೆ ಅದೊಂದೇ ಇತ್ತು. ಅಲ್ಲಿಗೆ ಹೋಗಲು ಯಾರ ಅಪ್ಪಣೆಯೂ ಬೇಕಿರಲಿಲ್ಲ, ಏಕೆ ಹೋದೆ ಎಂದು ಯಾರೂ ಕೇಳುತ್ತಿರಲಿಲ್ಲ. ಅವರು ತಮ್ಮ ದುಃಖಕ್ಕೆ ಹೊರಗೆ ಹೋಗುವ ದಾರಿ ಮಾಡಿಕೊಂಡಿದ್ದರು. ನನ್ನ ಬಳಿ ಆಗ ಅಂಥ ದಾರಿ ಇರಲಿಲ್ಲ.

ಲೋಟದ ಲೆಕ್ಕ

ಅಮ್ಮನನ್ನು ಬೆಂಗಳೂರಿಗೆ ಕರೆದೆವು, ಬರಲಿಲ್ಲ. ತೋಟ, ಕೊಟ್ಟಿಗೆ, ಕೆಲಸಕ್ಕೆ ಬರುವ ಹೆಣ್ಣುಮಕ್ಕಳು ಅವರ ಜೊತೆಗಿದ್ದರು. ಮಾಪಕ ನೋಡುತ್ತೀರಾ ಎಂದು ನಾನು ಕೇಳಿದ್ದು ಬಹಳ ಅಳುಕಿನಿಂದ. ಮೂವತ್ತೆಂಟು ವರ್ಷ ಗಂಡ ಮಾಡಿದ ಆ ಕೆಲಸದ ಹತ್ತಿರ ಅಮ್ಮ ಒಮ್ಮೆಯೂ ಹೋದವರಲ್ಲ. ಕಣ್ಣಿಗೆ ಪೊರೆ ಬರುತ್ತಿತ್ತು, ಗಾಜಿನ ಗೆರೆ ಕಾಣುವುದಿಲ್ಲ ಎಂದರು. ಎರಡು ದಿನ ಬಿಟ್ಟು ಬೆಳಿಗ್ಗೆ ಅವರಾಗಿಯೇ ಫೋನು ಮಾಡಿ, "ಮೂರು ಲೋಟ, ಮತ್ತೆ ಸ್ವಲ್ಪ ಇದ್ದು" ಎಂದರು. ಅಡುಗೆಮನೆಯ ಸ್ಟೀಲು ಲೋಟದಲ್ಲಿ ಅಳೆದಿದ್ದರು. ಆ ಲೋಟ 200 ಮಿಲಿಲೀಟರ್ ಹಿಡಿಯುತ್ತದೆ, ಎಂದರೆ ಲೋಟಕ್ಕೆ ಸರಿಯಾಗಿ 10 ಮಿಲಿಮೀಟರ್ ಮಳೆ. ಸ್ವಲ್ಪ ಎಂದರೆ ಎಷ್ಟು ಎಂದು ಕೇಳಿದೆ. ಎರಡು ಬೆರಳು ಎಂದರು. ನಾನು 33 ಎಂದು ಬರೆದುಕೊಂಡೆ.

ಅಲ್ಲಿಂದ ಪ್ರತಿದಿನ ಎಂಟೂವರೆಗೆ ನಮ್ಮ ಮಾತು ಲೋಟದಿಂದ ಶುರುವಾಗುತ್ತದೆ. ಅಮ್ಮನಿಗೂ ನನಗೂ ಅದಕ್ಕೆ ಮೊದಲು ಫೋನಿನಲ್ಲಿ ಊಟ ಆಯಿತೇ, ಮಕ್ಕಳು ಶಾಲೆಗೆ ಹೋದರೇ ಎಂಬುದರಾಚೆ ಮಾತೇ ಇರಲಿಲ್ಲ. ಹೇಗಿದ್ದೀರಿ ಎಂದು ಕೇಳಿದರೆ ಅವರು ಅರಾಮ ಎನ್ನುತ್ತಾರೆ. ಎಲ್ಲ ಅಮ್ಮಂದಿರೂ ಹಾಗೆಯೇ. ಎಷ್ಟು ಲೋಟ ಎಂದು ಕೇಳಿದರೆ, ರಾತ್ರಿ ನಿದ್ದೆ ಬಾರದೆ ಹೆಂಚಿನ ಮೇಲಿನ ಸದ್ದು ಕೇಳುತ್ತ ಮಲಗಿದ್ದೆ, ಅದಕ್ಕೇ ನಾಲ್ಕು ಆಗಬಹುದು ಎಂದುಕೊಂಡಿದ್ದೆ, ಮೂರೇ ಆಯಿತು ಎನ್ನುತ್ತಾರೆ. ನಿದ್ದೆ ಬಾರದ ಸಂಗತಿ ನನಗೆ ತಿಳಿಯುವುದು ಹೀಗೆ. ಅಪ್ಪಯ್ಯನ ಭಾನುವಾರದ ಪ್ರಶ್ನೆಯಲ್ಲಿಯೂ ಇಂಥ ಬಾಗಿಲು ಇತ್ತೆಂದು ಅರಿಯಲು ನನಗೆ ಇಷ್ಟು ಕಾಲ ಹಿಡಿಯಿತು. ನಾನು ಜೋರು ಬಂತು, ಸುಮಾರು ಬಂತು ಎಂದು ಅದನ್ನು ಮುಚ್ಚುತ್ತಲೇ ಬಂದಿದ್ದೆ.

ಮೊದಲ ವರ್ಷ ಹದಿಮೂರು ತಿಂಗಳಾಯಿತು. 2023ರ ಜುಲೈ 18ರಿಂದ ಆಗಸ್ಟ್ 16ರವರೆಗೆ ಅಧಿಕ ಶ್ರಾವಣ ಬಂದು, ಮಾಸಿಕ ಶ್ರಾದ್ಧ ಒಂದು ಹೆಚ್ಚಾಯಿತು. ತಾಳಗುಪ್ಪದ ರಾತ್ರಿ ರೈಲು ಹತ್ತಿ ಪ್ರತಿ ತಿಂಗಳೂ ಊರಿಗೆ ಹೋಗಿ ಬರುತ್ತಿದ್ದ ನನಗೆ ಈ ಹೆಚ್ಚಿನ ತಿಂಗಳು ಭಾರ ಎನ್ನಿಸಲಿಲ್ಲ. ವರ್ಷ ಮುಗಿಯುವುದು ಒಂದು ತಿಂಗಳು ಮುಂದೆ ಹೋಯಿತಲ್ಲ ಎಂದು ಸಮಾಧಾನವೇ ಆಯಿತು. ತಿಥಿ ಚಂದ್ರನನ್ನು ಹಿಡಿದು ಹೋಗುತ್ತದೆ, ಮಳೆ ನಕ್ಷತ್ರ ಸೂರ್ಯನನ್ನು. ಆದ್ದರಿಂದ ಭಾದ್ರಪದ ಶುದ್ಧ ನವಮಿಯ ವರ್ಷಾಂತಿಕ ಉತ್ತರೆ ಮಳೆಗೆ ಹೋಯಿತು, ಅಪ್ಪಯ್ಯ ಹೋದ ಹುಬ್ಬೆ ಮಳೆ ಮಾತ್ರ ಅದೇ ತಾರೀಖಿಗೆ ಬಂದು ನಿಂತಿತು. ಒಂದೇ ಸಾವಿಗೆ ಎರಡು ದಿನ. ಭಟ್ಟರು ಒಂದನ್ನು ಹೇಳುತ್ತಾರೆ, ಮೈ ಇನ್ನೊಂದನ್ನು ಹೇಳುತ್ತದೆ.

ಆ ವರ್ಷದ ಆಗಸ್ಟ್ 1901ರಿಂದ ಈಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್. ಮುಂದೆ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದರು. ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆ ಮಗ ಉಂಡಷ್ಟೂ ಒಳ್ಳೆಯದು ಎನ್ನುತ್ತಾರೆ ನಮ್ಮಲ್ಲಿ. ಆ ವರ್ಷ ಮಘೆಯೂ ಕೈಕೊಟ್ಟಿತು. ಬೆಳಿಗ್ಗೆ ಎಂಟೂವರೆಗೆ ಅಮ್ಮ, "ಇವತ್ತೂ ಎಂತದೂ ಇಲ್ಲೆ" ಎನ್ನುವರು, ನಾನು ಸೊನ್ನೆ ಬರೆಯುವೆನು. ಎಂತದೂ ಇಲ್ಲದ ಕ್ಯಾನನ್ನು ನೋಡಲು ಅಮ್ಮ ದಿನವೂ ಅಂಗಳ ದಾಟುತ್ತಿದ್ದರು. ನೋಡದೆಯೇ ಹೇಳಬಹುದಿತ್ತು, ಆಕಾಶ ಕಾಣುತ್ತಿತ್ತಲ್ಲ. ಒಂದು ದಿನ ಹಾಗೆಂದಾಗ, ನೋಡದೆ ಹೇಗೆ ಹೇಳುವುದು ಎಂದು ಅವರು ಆಶ್ಚರ್ಯದಿಂದ ಕೇಳಿದರು. ಅಪ್ಪಯ್ಯನ ನಿಯಮವನ್ನು ಅಮ್ಮನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆ ಚೀಟಿಯ ಅಂಕಿಗಳನ್ನು ಬರೆಯಲು ಕೈ ಬಾರದಿರುವುದು ಇದಕ್ಕೇ ಇರಬೇಕು. ಪಂಚಾಯಿತಿಯ ಮಾಪಕ ಸುಳ್ಳು ಹೇಳುವುದಿಲ್ಲ. ಗುಡ್ಡದ ಆ ಬದಿಯ ಮಳೆ ಈ ಬದಿಗೆ ಇರುವುದಿಲ್ಲ ಎಂಬುದು ನೆವ ಮಾತ್ರ. ಆ ಹದಿನಾಲ್ಕು ದಿನ ನಮ್ಮ ಅಂಗಳದಲ್ಲಿ ಮಳೆ ಬಿದ್ದಿದೆ, ಅದನ್ನು ನೋಡುವವರು ಇರಲಿಲ್ಲ. ಅಲ್ಲಿ ಅಂಕಿ ತುಂಬಿದರೆ, ಅಪ್ಪಯ್ಯ ಹೋದ ಮೇಲೂ ಯಾರೋ ಎಂಟೂವರೆಗೆ ಅಲ್ಲಿಗೆ ಹೋಗಿದ್ದರು ಎಂದು ಪುಸ್ತಕ ಹೇಳತೊಡಗುತ್ತದೆ. ಅದು 1991ರ 46ರಂಥದೇ ಅಂಕಿಯಾಗುತ್ತದೆ.

ಹೋದ ವರ್ಷ ಅಮ್ಮನ ಕಣ್ಣಿನ ಪೊರೆ ತೆಗೆಸಿದೆವು. ಈಗ ಗಾಜಿನ ಗೆರೆ ಚೆನ್ನಾಗಿ ಕಾಣುತ್ತದೆಯಂತೆ, ಆದರೂ ಲೋಟ ಬಿಟ್ಟಿಲ್ಲ. 2025ರಲ್ಲಿ ತಿಥಿ ಸೆಪ್ಟೆಂಬರ್ 1ಕ್ಕೆ ಬಂದು ಹುಬ್ಬೆ ಮಳೆಯೊಳಗೇ ಬಿತ್ತು. ಭಟ್ಟರು ಬೇಗ ಬಂದು ದರ್ಭೆ ಬಿಡಿಸಿಕೊಂಡು ಕುಳಿತಿದ್ದರು. ನಾನು ಸ್ನಾನಕ್ಕೆ ಹೊರಟವನು ಗಡಿಯಾರ ನೋಡಿ ನಿಂತೆ. ಮೊದಲು ನೋಡಿ ಬಾ ಎಂದು ಅಮ್ಮ ಅಡುಗೆಮನೆಯಿಂದಲೇ ಹೇಳಿದರು. ಕ್ಯಾನು ತಂದೆ. ಹಿತ್ತಿಲ ಕಟ್ಟೆಯ ಮೇಲೆ ಅಮ್ಮ ಲೋಟ ಹಿಡಿದರು, ನಾನು ಹೊಯ್ದೆ. ತುಂಬಿದ ಲೋಟವನ್ನು ಅವರು ಒಂದೊಂದಾಗಿ ತುಂಬೆಗಿಡದ ಬುಡಕ್ಕೆ ಚೆಲ್ಲಿ, ಎಣಿಸಿ, ಮತ್ತೆ ಹಿಡಿದರು. ನಾಲ್ಕು ತುಂಬಿತು, ಐದನೆಯದು ಅರ್ಧಕ್ಕೆ ನಿಂತಿತು. ನಾನು ಒಳಗೆ ಹೋಗಿ 45 ಎಂದು ಬರೆದೆ, ಷರಾದಲ್ಲಿ ‘ಅಪ್ಪಯ್ಯನ ತಿಥಿ’ ಎಂದು ಬರೆದೆ. ಭಟ್ಟರು ಕರೆಯುತ್ತಿದ್ದರು.